ಕವಾಟದ ಕೆಲಸವನ್ನು ಮೊದಲು ಪ್ರಾಣಿಯ ಗುಂಡಿಗೆಯಲ್ಲಿ ಕಲಿಯಲು ಬಿಡಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಹೃದಯ ಕವಾಟದ ಚಿಕಿತ್ಸೆಗಳ ಪರೀಕ್ಷೆಗೂ ತರಬೇತಿಗೂ ಕಸಾಯಿಖಾನೆಯಲ್ಲಿ ಸಿಗುವ ಪ್ರಾಣಿಗಳ ಹೃದಯ ಬಳಸಲು ಸ್ಪಷ್ಟವಾದ ಸುತ್ತೋಲೆ ಹಾಗೂ ಪ್ರಯೋಗಾಲಯ ಕೋರಿ.

ಮಾನ್ಯರೇ,

ನಾನು ಉತ್ತರ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪರ್ಫ್ಯೂಷನಿಸ್ಟ್ ಆಗಿದ್ದೇನೆ. ಹೃದಯದ ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತು ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಅದಕ್ಕೆ ಆಮ್ಲಜನಕ ಕೂಡಿಸಿ, ಮರಳಿ ಮೈಗೆ ಕಳಿಸುವ ಕೆಲಸ ನನ್ನದು. ನಿಂತ ಹೃದಯವನ್ನೂ ಮತ್ತೆ ಮಿಡಿಯಲು ತೊಡಗುವ ಹೃದಯವನ್ನೂ ನಾವು ದಿನವೂ ಕೈಯಳತೆಯಲ್ಲಿ ನೋಡುತ್ತೇವೆ. ಈಗ ನಾನು ಬರೆಯಹೊರಟಿರುವ ವಿಷಯ ಒಂದು ಕಾಲೇಜಿನ ಕಡತದೊಳಗೆ ಸಿಕ್ಕಿಕೊಂಡಿದೆಯಾದರೂ ಅದು ಆ ಕಾಲೇಜಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕವಾಟದ ಚಿಕಿತ್ಸೆಗಾಗಿ ನಮ್ಮ ಆಸ್ಪತ್ರೆಗಳ ಬಾಗಿಲಿಗೆ ಬರುವ ಪ್ರತಿಯೊಬ್ಬ ರೋಗಿಗೂ ಸಂಬಂಧಿಸಿದ್ದು. ಆದ್ದರಿಂದಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

2022ರ ಮಳೆಗಾಲದಲ್ಲಿ ಹಳ್ಳಿಯೊಂದರಿಂದ ಇಪ್ಪತ್ತಾರು ವರ್ಷದ ಹೆಣ್ಣುಮಗಳೊಬ್ಬಳನ್ನು ನಮ್ಮಲ್ಲಿಗೆ ಕರೆತಂದರು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ, ರಾತ್ರಿ ಅಂಗಾತ ಮಲಗಲಾಗದು. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲುಗಳ ಬಾವು, ಜ್ವರ ಬಂದು ಹೋಗಿತ್ತಂತೆ. ಮನೆಯವರು ಅದನ್ನು ಮರೆತೇಬಿಟ್ಟಿದ್ದರು. ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವಿನಿಂದ ಗಂಟಲಲ್ಲಿ ಶುರುವಾಗುವ ಈ ರುಮ್ಯಾಟಿಕ್ ಜ್ವರ ಸಾಮಾನ್ಯವಾಗಿ ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಬಂದು, ಕೀಲುಗಳನ್ನು ಬಿಟ್ಟುಕೊಟ್ಟರೂ ಹೃದಯವನ್ನು ಬಿಡುವುದಿಲ್ಲ. ಎಡಭಾಗದ ಮೈಟ್ರಲ್ ಕವಾಟದ ಎರಡು ದಳಗಳು ಅಂಚಿನಲ್ಲಿ ಒಂದಕ್ಕೊಂದು ಅಂಟಿ, ದಪ್ಪಗಾಗಿ, ಬಾಗಿಲಿನಂತೆ ತೆರೆಯಬೇಕಾದದ್ದು ಗುಂಡಿಯ ಕಾಜಿನಷ್ಟು ಕಿರಿದಾಗುತ್ತದೆ. ಶ್ರೀಮಂತ ದೇಶಗಳು ಬಹುಮಟ್ಟಿಗೆ ಮರೆತಿರುವ ಈ ರೋಗ ನಮ್ಮ ವಾರ್ಡುಗಳಲ್ಲಿ ಇನ್ನೂ ಹಾಸಿಗೆ ಹಿಡಿದು ಮಲಗಿದೆ.

ಆಕೆಗೆ ಬಲೂನಿನ ಚಿಕಿತ್ಸೆ ನಿಗದಿಯಾಯಿತು. ಜಪಾನಿನ ಕಾಂಜಿ ಇನೌಯೆ ಅವರು 1984ರಲ್ಲಿ ಪ್ರಕಟಿಸಿದ ವಿಧಾನ ಅದು. ತೊಡೆಯ ಸಂದಿನ ರಕ್ತನಾಳದಿಂದ ತೆಳುವಾದ ನಳಿಕೆಯನ್ನು ಹೃದಯಕ್ಕೆ ಏರಿಸಿ, ಹೃದಯದ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳ ನಡುವಿನ ಗೋಡೆಯನ್ನು ದಾಟಿಸಿ, ಕಿರಿದಾದ ಕವಾಟದೊಳಗೆ ಬಲೂನನ್ನು ಕೆಲವೇ ಕ್ಷಣ ಹಿಗ್ಗಿಸಿದರೆ ಅಂಟಿಕೊಂಡ ಅಂಚುಗಳು ಬಿಡಿಸಿಕೊಳ್ಳುತ್ತವೆ. ಎದೆ ಸೀಳುವ ಅಗತ್ಯವಿಲ್ಲ. ಬಲೂನಿನ ಅಳತೆಗೂ ಒಂದು ಸರಳ ಲೆಕ್ಕವಿದೆ: ರೋಗಿಯ ಎತ್ತರವನ್ನು ಹತ್ತರಿಂದ ಭಾಗಿಸಿ ಹತ್ತು ಕೂಡಿಸುವುದು. 150 ಸೆಂಟಿಮೀಟರ್ ಎತ್ತರದ ಆಕೆಗೆ 25 ಮಿಲಿಮೀಟರ್. ಲೆಕ್ಕ ಸರಿಯಾಗಿತ್ತು, ವೈದ್ಯರು ಶ್ರದ್ಧೆಯುಳ್ಳವರಾಗಿದ್ದರು. ಆದರೂ ಅಂಚು ಬಿಡಿಸಿಕೊಳ್ಳುವ ಬದಲು ದಳವೇ ಹರಿಯಿತು. ಕಿರಿದಾಗಿದ್ದ ಕವಾಟ ಒಮ್ಮೆಲೇ ಸೋರತೊಡಗಿ, ಒಂದು ಗಂಟೆಯೊಳಗೆ ಆಕೆಯನ್ನು ಶಸ್ತ್ರಚಿಕಿತ್ಸೆಯ ಕೋಣೆಗೆ ತಂದರು. ನಾನು ಯಂತ್ರ ಹೂಡಿದೆ.

ಆಕೆ ಬದುಕಿದಳು. ಆದರೆ ಎದೆಯಲ್ಲಿ ಲೋಹದ ಕವಾಟ ಬಂತು, ಅದರ ಬೆನ್ನಿಗೇ ಜೀವನಪರ್ಯಂತ ರಕ್ತ ತಿಳಿಯಾಗಿಸುವ ಮಾತ್ರೆ ಬಂತು. ಆ ಮಾತ್ರೆ ನುಂಗುತ್ತ ಬಸುರಿಯಾಗುವುದು ತಾಯಿಗೂ ಕೂಸಿಗೂ ಅಪಾಯದ ಮಾತು. ಮದುವೆಯಾಗಿ ಮೂರು ವರ್ಷವಾಗಿದ್ದ ಆ ಹೆಣ್ಣುಮಗಳಿಗೆ ಇದನ್ನು ತಿಳಿಸಿ ಹೇಳುವಾಗ ನಾನು ಪಕ್ಕದಲ್ಲಿದ್ದೆ. ದಳ ಹೀಗೆ ಹರಿಯುವುದು ನುರಿತ ಕೈಗಳಲ್ಲೂ ಆಗುತ್ತದೆ, ಎಲ್ಲ ಪುಸ್ತಕಗಳಲ್ಲೂ ಇದರ ಎಚ್ಚರಿಕೆ ಇದೆ. ಮೊದಲೇ ಅಭ್ಯಾಸವಿದ್ದರೆ ಆಕೆಗೆ ಹೀಗಾಗುತ್ತಿರಲಿಲ್ಲ ಎಂದು ಹೇಳುವ ಅಧಿಕಾರ ನನಗಿಲ್ಲ, ಹಾಗೆ ಹೇಳುವುದೂ ಇಲ್ಲ. ನನ್ನನ್ನು ಕಾಡಿದ್ದು ಆ ಸಂಜೆ ಬಲೂನು ಹಿಡಿದಿದ್ದ ಯುವ ವೈದ್ಯರು ಕ್ಯಾಂಟೀನಿನಲ್ಲಿ ಚಹಾದ ಲೋಟ ಮುಟ್ಟದೆ ಕೂತು ಆಡಿದ ಮಾತು: “ಸರ್, ಬಲೂನು ಹಿಗ್ಗುವಾಗ ಕವಾಟದ ಒಳಗೆ ಏನಾಗುತ್ತೆ ಅಂತ ನಾನು ಒಮ್ಮೆಯೂ ಕಣ್ಣಾರೆ ನೋಡಿಲ್ಲ.”

ಅವರು ಹೇಳಿದ್ದು ಅಕ್ಷರಶಃ ನಿಜ. ಇಂಥ ನಳಿಕೆಯ ಚಿಕಿತ್ಸೆ ನಡೆಯುವ ಕ್ಯಾಥ್ ಲ್ಯಾಬಿನ ಎಕ್ಸ್‌ರೇ ಪರದೆಯ ಮೇಲೆ ಬಲೂನಿನ ನೆರಳು ಕಾಣುತ್ತದೆ, ಕವಾಟ ಕಾಣುವುದಿಲ್ಲ. ಬಲೂನಿನ ಸೊಂಟ ಬಿಗಿದಿದ್ದದ್ದು ಸಡಿಲವಾದಾಗ ಕವಾಟ ತೆರೆಯಿತೆಂದು ತಿಳಿಯಬೇಕು. ಎಕೋ ಪರೀಕ್ಷೆ ಇನ್ನಷ್ಟು ತೋರಿಸುತ್ತದೆ, ಆದರೆ ಅದೂ ಬೂದು ಬಣ್ಣದ ಪಡಿನೆರಳೇ. ವರ್ಷಗಟ್ಟಲೆ ನೆರಳನ್ನು ಮಾತ್ರ ನೋಡಿ ಕಲಿತ ಕೈಗೆ ಮೊದಲ ನಿಜವಾದ ಕವಾಟ ಸಿಗುವುದು ಜೀವಂತ ರೋಗಿಯೊಳಗೆ.

ಮಾನ್ಯರೇ, ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಹೃದಯವನ್ನು ಮೈಯಿಂದ ಬೇರ್ಪಡಿಸಿ, ಅದರ ರಕ್ತನಾಳಗಳಿಗೆ ಬೆಚ್ಚಗಿನ ದ್ರವ ಹರಿಸಿ ಮಿಡಿಯುವಂತೆ ಮಾಡಬಹುದೆಂದು ಜರ್ಮನಿಯ ಆಸ್ಕರ್ ಲ್ಯಾಂಗೆನ್‌ಡಾರ್ಫ್ ಅವರು 1895ರಲ್ಲೇ ತೋರಿಸಿದರು. ಇಂದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ, ಮಾಂಸಕ್ಕಾಗಿ ಹೇಗೂ ಕಡಿಯಲಾದ ಹಂದಿಯ ಹೃದಯವನ್ನು ಕಸಾಯಿಖಾನೆಯಿಂದಲೇ ತಂಪಾಗಿಸಿ ತಂದು, ಪ್ರಯೋಗಾಲಯದಲ್ಲಿ ಬೆಚ್ಚಗೆ ಮಾಡಿ, ರಕ್ತ ಹರಿಸಿ, ಕೆಲವು ಗಂಟೆ ಮಿಡಿಸಿ, ಅದರ ಮೇಲೆ ಹೊಸ ಕವಾಟಗಳನ್ನೂ ಅವುಗಳನ್ನು ಕೂರಿಸುವ ಉಪಕರಣಗಳನ್ನೂ ಪರೀಕ್ಷಿಸುತ್ತಾರೆ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ರಕ್ತದ ಬದಲು ನೀರಿನಂತೆ ತಿಳಿಯಾದ ದ್ರವ ಹರಿಸಿ, ಮಿಡಿಯುವ ಹೃದಯದ ಒಳಗೇ ಕ್ಯಾಮೆರಾ ಇಟ್ಟು ಕವಾಟ ತೆರೆದು ಮುಚ್ಚುವುದನ್ನು ಚಿತ್ರೀಕರಿಸಿದ್ದಾರೆ. ಕಸಿಗೆ ಒದಗದೆ ಹೋದ ಮನುಷ್ಯರ ಹೃದಯಗಳ ಒಳನೋಟವೂ ಅವರ ಸಂಗ್ರಹದಲ್ಲಿದ್ದು, ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಇಟಲಿಯ ಮಿಲಾನಿನಲ್ಲಿ ಇನ್ನೂ ಸರಳವಾದ ದಾರಿ ಹಿಡಿದಿದ್ದಾರೆ. ಅಲ್ಲಿ ಸ್ನಾಯು ಮಿಡಿಯುವುದಿಲ್ಲ. ಸತ್ತ ಹೃದಯದ ಕೆಳಗಿನ ಕೋಣೆಯಾದ ಹೃತ್ಕುಕ್ಷಿಯೊಳಗೆ ಪಂಪೊಂದು ದ್ರವವನ್ನು ಲಯಬದ್ಧವಾಗಿ ಒತ್ತಿ ಎಳೆಯುತ್ತದೆ, ಕವಾಟಗಳು ಮಾತ್ರ ಬದುಕಿದ್ದಾಗಿನಂತೆಯೇ ತೆರೆದು ಮುಚ್ಚುತ್ತವೆ.

ಎದೆ ತೆರೆಯದೆ ನಳಿಕೆಯ ಮೂಲಕ ಮಹಾಪಧಮನಿಯ ಕವಾಟ ಕೂರಿಸುವ ಇಂದಿನ ಚಿಕಿತ್ಸೆಯ ಮೂಲವೂ ಮಾಂಸದಂಗಡಿಯಲ್ಲೇ ಇದೆ. ಡೆನ್ಮಾರ್ಕಿನ ಹೆನ್ನಿಂಗ್ ರುಡ್ ಆಂಡರ್ಸನ್ ಅವರು ಹಂದಿಯ ಹೃದಯಗಳನ್ನು ಮಾಂಸದಂಗಡಿಯಿಂದ ಕೊಂಡು ತಂದು, ಅವುಗಳ ಕವಾಟವನ್ನು ಬಿಡಿಸಿ, ತಾವೇ ತಂತಿ ಬಾಗಿಸಿ ಮಾಡಿದ ಜಾಲರಿಗೆ ಹೊಲಿದು, ಬಲೂನಿನ ಮೇಲೆ ಮಡಚಿ, 1989ರ ಮೇ 1ರಂದು ಹಂದಿಯೊಂದರೊಳಗೆ ಅದನ್ನು ಕೂರಿಸಿದರು. ಹದಿಮೂರು ವರ್ಷಗಳ ನಂತರ, 2002ರ ಏಪ್ರಿಲ್ 16ರಂದು ಫ್ರಾನ್ಸಿನ ರುವಾನ್‌ನಲ್ಲಿ ಅಲೈನ್ ಕ್ರಿಬಿಯೆ ಅವರು ಮೊದಲ ಬಾರಿಗೆ ಮನುಷ್ಯನಿಗೆ ಇಂಥ ಕವಾಟ ಕೂರಿಸಿದರು. ಇವತ್ತು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಎಂಬತ್ತು ದಾಟಿದ ಅಜ್ಜಂದಿರು ಕವಾಟ ಹಾಕಿಸಿಕೊಂಡು ಎರಡು ಮೂರು ದಿನದಲ್ಲಿ ನಡೆದು ಮನೆಗೆ ಹೋಗುತ್ತಾರೆ. ಆ ಕವಾಟದ ದಳಗಳು ದನದ ಅಥವಾ ಹಂದಿಯ ಹೃದಯದ ಹೊದಿಕೆಯಿಂದ ಆದವು.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ಮುಂದಾಳತ್ವದಲ್ಲಿ ದೇಶೀಯ ಕವಾಟ ರೂಪುಗೊಂಡಾಗ ಮೊದಲ ಮಾದರಿಗಳು ಒಂದರ ಹಿಂದೊಂದು ಸೋತವು. ನಾಲ್ಕನೆಯದು, ಕುರಿಗಳಲ್ಲಿ ಪರೀಕ್ಷೆಯಾದ ಮೇಲೆ, 1990ರ ಡಿಸೆಂಬರಿನಲ್ಲಿ ರೋಗಿಯ ಎದೆ ಸೇರಿತು. ಸೋತ ಮಾದರಿಗಳು ಪ್ರಯೋಗಾಲಯದಲ್ಲೇ ಸೋತದ್ದು ರೋಗಿಗಳ ಪುಣ್ಯ. ಅದೇ ವಲಿಯತ್ತಾನರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು, 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಇಂಥವರು ನಡೆದಾಡಿದ ನಾಡಿನಲ್ಲಿ ಕವಾಟವನ್ನು ಮೇಜಿನ ಮೇಲಿಟ್ಟು ನೋಡುವುದಕ್ಕೆ ಒಂದು ಕೋಣೆ ಕೇಳಿ ಕಾಯುತ್ತ ಕೂತಿರುವುದು ನನಗೆ ನೋವಿನ ಸಂಗತಿ.

ಈಗ ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ. 2023ರ ಆರಂಭದಲ್ಲಿ ಆ ಯುವ ವೈದ್ಯರು, ನೆರೆಯ ಎಂಜಿನಿಯರಿಂಗ್ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಮತ್ತು ನಾನು ಸೇರಿ, ನಮ್ಮ ವಿಭಾಗದ ಹಿಂದಿನ ಖಾಲಿ ಕೋಣೆಯಲ್ಲಿ ಮಿಲಾನಿನ ಬಗೆಯ ಒಂದು ಸಣ್ಣ ಏರ್ಪಾಡು ಮಾಡಿದೆವು. ವಿದ್ಯಾರ್ಥಿಗಳು ಮೋಟಾರು ಮತ್ತು ಕ್ರ್ಯಾಂಕಿನಿಂದ ಪಿಸ್ಟನ್ ಪಂಪು ಕಟ್ಟಿದರು. ಕೊಳವೆಗಳು ನಮ್ಮಲ್ಲಿ ಅವಧಿ ಮೀರಿ ಉಳಿದವು. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಳಸಿ ಮೂಲೆಗಿಟ್ಟಿದ್ದ ಹಳೆಯ ಕ್ಯಾಮೆರಾ ಕೊಟ್ಟವರು ಬೇರೆ ವಿಭಾಗದ ಹಿರಿಯರು. ಕಾಲೇಜಿನ ಹಣ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಹೃದಯ ಮಾತ್ರ ಹುಡುಕಬೇಕಾಯಿತು. ಕುರಿಯ ಹೃದಯ ಎಲ್ಲೆಡೆ ಸಿಗುತ್ತದೆ, ಆದರೆ ಅದು ಚಿಕ್ಕದು. ಮನುಷ್ಯರ ಅಳತೆಯ ಬಲೂನು ಅದರಲ್ಲಿ ಹಿಡಿಯುವುದಿಲ್ಲ. ಚೆನ್ನಾಗಿ ಬೆಳೆದ ಹಂದಿಯ ಹೃದಯ ಅಳತೆಯಲ್ಲೂ ಆಕಾರದಲ್ಲೂ ನಮ್ಮದಕ್ಕೆ ಹತ್ತಿರ. ನಾನು ಮಾಂಸ ತಿನ್ನುವ ಮನೆಯಲ್ಲಿ ಹುಟ್ಟಿದವನಲ್ಲ. ಮೊದಲ ದಿನ ಹಂದಿ ಮಾಂಸದ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಎಷ್ಟೋ ಹೊತ್ತು ಹಾಗೇ ನಿಂತಿದ್ದೆ. ಅಲ್ಲಿನ ಸಮಸ್ಯೆ ನಾನು ಊಹಿಸಿದ್ದಲ್ಲ: ಗುಂಡಿಗೆಯನ್ನು ತಪಾಸಣೆಗೂ ರಕ್ತ ಬಸಿಯಲಿಕ್ಕೂ ಅಡ್ಡ ಸೀಳಿಯೇ ಇಡುತ್ತಾರೆ, ಮೇಲಿನ ಮಹಾಪಧಮನಿಯನ್ನು ಬುಡಕ್ಕೇ ಕತ್ತರಿಸಿರುತ್ತಾರೆ. ಹಾಗೆ ಸೀಳಿದ್ದು ನಮಗೆ ನಿರುಪಯುಕ್ತ. ನಾನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಾಗ ಅಂಗಡಿಯ ಯಜಮಾನರು ಕೇಳಿದರು: “ಬರೇ ಗುಂಡಿಗಿ ಸಾಕೇನ್ರೀ ಸರ, ಮ್ಯಾಲಿನ ಕೊಳವಿನೂ ಬೇಕೇನ್ರೀ?” ಮೇಲಿನದು ನಾಲ್ಕು ಬೆರಳು ಉದ್ದ ಬೇಕು, ಒಳಗೆ ಚಾಕು ತಾಗಕೂಡದು ಎಂದೆ. ಮುಂದಿನ ವಾರದಿಂದ ಅವರು ಇಡೀ ಗುಂಡಿಗೆಯನ್ನು ತೊಳೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಬೆಳಿಗ್ಗೆ ಏಳಕ್ಕೆ ಸಿದ್ಧವಾಗಿಡುತ್ತಿದ್ದರು.

ಎಡ ಹೃತ್ಕುಕ್ಷಿಯ ತುದಿಯಲ್ಲಿ ರಂಧ್ರ ಮಾಡಿ ಪಂಪಿನ ಕೊಳವೆ ಹೊಲಿದು, ಹೃತ್ಕರ್ಣಕ್ಕೆ ಉಪ್ಪುನೀರಿನ ತೊಟ್ಟಿಯನ್ನೂ ಮಹಾಪಧಮನಿಗೆ ಒತ್ತಡ ಹಿಡಿದಿಡುವ ಪಾತ್ರೆಯನ್ನೂ ಜೋಡಿಸಿ, ನಿಮಿಷಕ್ಕೆ 70 ಬಾರಿಯಂತೆ ಪಂಪು ತಿರುಗಿಸಿದ ಆ ಬೆಳಿಗ್ಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪರದೆಯ ಮೇಲೆ ಮೈಟ್ರಲ್ ಕವಾಟ ಕಾಣಿಸಿತು. ಒದ್ದೆ ಪಂಚೆಯಂತೆ ಬೆಳ್ಳಗೆ ಹೊಳೆಯುವ ಎರಡು ದಳಗಳು ಒಳಮುಖವಾಗಿ ತೆರೆದು, ಮರುಕ್ಷಣ ಉಬ್ಬಿ ಬಂದು ಒಂದಕ್ಕೊಂದು ಆತುಕೊಳ್ಳುತ್ತಿದ್ದವು. ಅವುಗಳ ಕೆಳಗೆ ದಾರದಂಥ ತಂತುಗಳು ಪ್ರತಿ ಬಾರಿಯೂ ಬಿಗಿದು ಸಡಿಲವಾಗುತ್ತಿದ್ದವು. ಇಪ್ಪತ್ತು ವರ್ಷ ಹೃದಯದ ಪಕ್ಕದಲ್ಲಿ ನಿಂತಿದ್ದರೂ ಮಿಡಿತದ ನಡುವೆ ಕವಾಟವನ್ನು ನಾನು ಒಳಗಿನಿಂದ ನೋಡಿದ್ದು ಅದೇ ಮೊದಲು, ಏಕೆಂದರೆ ನಮ್ಮ ಮುಂದೆ ಹೃದಯ ತೆರೆಯುವುದು ಅದು ನಿಂತ ಮೇಲೆ.

ಮುಂದಿನ ವಾರಗಳಲ್ಲಿ ಯುವ ವೈದ್ಯರು ದಳಗಳ ಅಂಚನ್ನು ಸಣ್ಣ ಹೊಲಿಗೆಗಳಿಂದ ಕೂಡಿಸಿ, ಕಿರಿದಾದ ಕವಾಟದಂತೆ ಮಾಡಿ, ಅವಧಿ ಮೀರಿದ ಬಲೂನಿನಿಂದ ಬಿಡಿಸುವ ಅಭ್ಯಾಸ ಮಾಡಿದರು. ಐದನೆಯದೋ ಆರನೆಯದೋ ಹೃದಯದಲ್ಲಿ ನಡೆದದ್ದನ್ನು ತಮಗೆ ಹೇಳಲೇಬೇಕು. ಕೈಯಲ್ಲಿದ್ದ ನಳಿಕೆ ಸಲೀಸಾಗಿ ಹೋದಂತೆ ಅವರಿಗೆ ಅನಿಸಿತು, ಇನ್ನೇನು ಹಿಗ್ಗಿಸಬೇಕು. ಪರದೆಯ ಮೇಲೆ ನೋಡಿದರೆ ಬಲೂನು ಕವಾಟದ ನಡುವಿನ ದಾರಿಯಲ್ಲಿ ಇರಲೇ ಇಲ್ಲ. ಕೆಳಗೆ ಎರಡು ತಂತುಗಳ ನಡುವೆ, ಬೇಲಿಯ ಸಂದಿಯಲ್ಲಿ ತೂರಿದ ಕರುವಿನಂತೆ ಸಿಕ್ಕಿಕೊಂಡಿತ್ತು. ಅಲ್ಲಿ ಹಿಗ್ಗಿಸಿದ್ದರೆ ತಂತು ಕಿತ್ತು ದಳ ಹರಿಯುತ್ತಿತ್ತು. ಅವರು ಹಿಂದೆ ಎಳೆದು, ಮತ್ತೆ ದಾಟಿಸಿ, ಹಿಗ್ಗಿಸುವ ಮುನ್ನ ಬಲೂನನ್ನು ಕುಕ್ಷಿಯ ತುದಿಯ ಕಡೆಗೆ ಮುಂದೆ ಹಿಂದೆ ಸರಿಸಿ ತಡೆಯಿಲ್ಲವೆಂದು ಖಾತ್ರಿ ಮಾಡಿಕೊಂಡರು. ಈ ಎಚ್ಚರಿಕೆ ಪುಸ್ತಕದಲ್ಲಿದೆ, ಹಿರಿಯರೂ ಹೇಳಿಕೊಡುತ್ತಾರೆ. ಆದರೆ ಸಿಕ್ಕಿಕೊಂಡ ಬಲೂನು ಬೆರಳಿಗೆ ಹೇಗೆ ತಿಳಿಯುತ್ತದೆ, ಸಿಕ್ಕಿಕೊಳ್ಳದ್ದು ಹೇಗೆ ತಿಳಿಯುತ್ತದೆ ಎಂಬುದನ್ನು ಅವರ ಕೈ ಕಲಿತದ್ದು ಆ ಬೆಳಿಗ್ಗೆ. ನೋಡುತ್ತಿದ್ದವರಲ್ಲಿ ಯಾರೂ ಮಾತಾಡಲಿಲ್ಲ. ನಮಗೆಲ್ಲ ನೆನಪಾದದ್ದು ಒಬ್ಬಳೇ ರೋಗಿ.

ಏಳು ತಿಂಗಳು ಹೀಗೆ ನಡೆಯಿತು. ಆಮೇಲೆ ಕೋಣೆಗೆ ಬೀಗ ಬಿತ್ತು. ಪ್ರಾಣಿ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಪಡೆದಿಲ್ಲ ಎಂಬುದು ಕಾಲೇಜು ಕೊಟ್ಟ ಕಾರಣ. ಅರ್ಜಿ ಹಾಕಿದೆವು. ಜೀವಂತ ಪ್ರಾಣಿ ಇಲ್ಲದ್ದರಿಂದ ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಸಮಿತಿ ಅರ್ಜಿ ಮರಳಿಸಿತು. ವ್ಯಾಪ್ತಿಗೆ ಬಾರದಿದ್ದರೆ ಅನುಮತಿಯೂ ಇಲ್ಲ, ಅನುಮತಿಯಿಲ್ಲದಿದ್ದರೆ ಕೋಣೆಯೂ ಇಲ್ಲ ಎಂದಿತು ಕಾಲೇಜು. ನಂತರ ಮಾಂಸದಂಗಡಿಯ ಬಿಲ್ಲಿಗೆ ಲೆಕ್ಕಪತ್ರದ ಆಕ್ಷೇಪಣೆ ಬಂತು, ಆ ಬಿಲ್ಲುಗಳನ್ನು ನಾವು ನಮ್ಮ ಜೇಬಿನಿಂದಲೇ ಕಟ್ಟಿದ್ದರೂ. ಹನ್ನೊಂದು ತಿಂಗಳಲ್ಲಿ ಕಡತ ಐದು ಮೇಜು ದಾಟಿ ಹೊರಟಲ್ಲಿಗೇ ಬಂದು ನಿಂತಿತು. ಯಾರೂ ಇದು ತಪ್ಪೆಂದು ಬರೆಯಲಿಲ್ಲ, ಸರಿಯೆಂದು ಬರೆಯುವ ಧೈರ್ಯವನ್ನೂ ಮಾಡಲಿಲ್ಲ. ಅವರನ್ನು ದೂರುವುದಕ್ಕಿಂತ, ಸಹಿ ಹಾಕಲು ಆಧಾರವಾಗುವ ಒಂದು ಸಾಲಿನ ಸುತ್ತೋಲೆಯೂ ಅವರ ಕೈಯಲ್ಲಿರಲಿಲ್ಲ ಎಂಬುದನ್ನೇ ನಾನು ದೊಡ್ಡ ಕೊರತೆಯೆಂದು ಎಣಿಸುತ್ತೇನೆ.

ಕಾಯ್ದೆ ನಿಜಕ್ಕೂ ಏನು ಹೇಳುತ್ತದೆ ಎಂದು ನಾನು ಓದಿ ನೋಡಿದ್ದೇನೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಎರಡನೆಯ ಸೆಕ್ಷನ್ನಿನ ಪ್ರಕಾರ ಪ್ರಾಣಿ ಎಂದರೆ ಮನುಷ್ಯನಲ್ಲದ ಯಾವುದೇ ಜೀವಂತ ಜೀವಿ. ಆಹಾರಕ್ಕಾಗಿ ಕಡಿಯಲಾದ ಹಂದಿಯ ಗುಂಡಿಗೆ ಆ ಮಾತಿನೊಳಗೆ ಬರುವುದಿಲ್ಲ. ಅದೇ ಕಾಯ್ದೆಯ ಹದಿನೇಳನೆಯ ಸೆಕ್ಷನ್ನು ಇನ್ನೂ ಮುಂದೆ ಹೋಗಿ, ಬೇರೆ ಸಾಧನಗಳಿಂದ ಕಲಿಸಲು ಸಾಧ್ಯವಿರುವಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗ ಬಿಡಬೇಕೆಂದೂ, ಬರಿಯ ಕೈಚಳಕ ಗಳಿಸುವುದಕ್ಕಾಗಿ ಸಾಧ್ಯವಾದಷ್ಟು ಮಟ್ಟಿಗೆ ಪ್ರಯೋಗ ಮಾಡಬಾರದೆಂದೂ ಹೇಳುತ್ತದೆ. ಇದು ಕರುಣೆಯ ಮಾತು, ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಜೀವಂತ ಪ್ರಾಣಿಯ ಮೇಲೆ ಕೈ ಪಳಗಿಸುವಂತಿಲ್ಲ, ಸತ್ತ ಪ್ರಾಣಿಯ ಗುಂಡಿಗೆಯ ಮೇಲೆ ಪಳಗಿಸಲು ಬಿಡುವುದಿಲ್ಲ ಎಂದಾದರೆ, ಕೈ ಪಳಗುವುದು ಯಾರ ಮೇಲೆ? ಸರ್ಕಾರಿ ಆಸ್ಪತ್ರೆಗೆ ಬರುವ ಬಡವರ ಮೇಲೆ. ಬೇರೆ ಉತ್ತರವಿದ್ದರೆ ದಯವಿಟ್ಟು ತಿಳಿಸಬೇಕು.

ಉಪಕರಣ ತಯಾರಿಸುವವರ ವಿಷಯದಲ್ಲೂ ಇದೇ ಮಾತು. 2017ರ ವೈದ್ಯಕೀಯ ಸಾಧನ ನಿಯಮಗಳಲ್ಲಿ ಹೃದಯದ ಕವಾಟ ಅತಿ ಹೆಚ್ಚು ಅಪಾಯದ ‘ಡಿ’ ವರ್ಗಕ್ಕೆ ಸೇರಿದೆ. ಅಂತರರಾಷ್ಟ್ರೀಯ ಮಾನದಂಡದಂತೆ ಅಂಗಾಂಶದಿಂದ ಮಾಡಿದ ಕವಾಟವನ್ನು ಯಂತ್ರದಲ್ಲಿ 20 ಕೋಟಿ ಬಾರಿ, ಲೋಹ ಮುಂತಾದ ಗಟ್ಟಿ ವಸ್ತುಗಳ ಕವಾಟವನ್ನು 40 ಕೋಟಿ ಬಾರಿ ತೆರೆದು ಮುಚ್ಚಿಸಿ ಸವೆತ ನೋಡಬೇಕು. ಅಂದರೆ ಸುಮಾರು ಐದು ವರ್ಷದ ಮತ್ತು ಹತ್ತು ವರ್ಷದ ಮಿಡಿತ. ಆದರೆ ಆ ಯಂತ್ರದಲ್ಲಿ ಕವಾಟ ಕೂತಿರುವುದು ದುಂಡಗಿನ ಗಟ್ಟಿ ಚೌಕಟ್ಟಿನಲ್ಲಿ. ಹೃದಯದೊಳಗೆ ಯಾವುದೂ ಅಷ್ಟು ದುಂಡಗಿಲ್ಲ, ಗಟ್ಟಿಯೂ ಇಲ್ಲ. ಕೂರಿಸುವ ನಳಿಕೆ ಎಲ್ಲಿ ಬಾಗುತ್ತದೆ, ಹೊಸ ಚೌಕಟ್ಟು ಪಕ್ಕದ ದಳವನ್ನು ಒತ್ತುತ್ತದೆಯೇ, ಅಂಚಿನಿಂದ ಎಷ್ಟು ಸೋರುತ್ತದೆ ಎಂಬುದು ನಿಜವಾದ ಹೃದಯದಲ್ಲಿಟ್ಟಾಗಲೇ ತಿಳಿಯುತ್ತದೆ. ನಾವು ಒಂದು ತಂತು ಕತ್ತರಿಸಿ ಕವಾಟ ಸೋರುವಂತೆ ಮಾಡಿ, ಎರಡು ದಳಗಳನ್ನು ನಡುವೆ ಹೊಲಿದು ಕೂಡಿಸಿ, ಸೋರಿಕೆ ಎಷ್ಟು ತಗ್ಗಿತೆಂದು ಅಳತೆಪಾತ್ರೆಯಲ್ಲಿ ಹಿಡಿದು ನೋಡಿದ್ದೇವೆ. ಇಂಥ ಪರೀಕ್ಷೆಯಲ್ಲಿ ಮೊದಲೇ ಸೋಲುವ ಮಾದರಿಗಾಗಿ ಒಂದು ಕುರಿಯನ್ನೂ ಸಾಯಿಸಬೇಕಾಗಿಲ್ಲ.

ಈ ವಿಧಾನಕ್ಕೆ ಮಿತಿಗಳಿವೆ, ಅವನ್ನು ಮುಚ್ಚಿಟ್ಟು ಕೇಳುವುದು ಸರಿಯಲ್ಲ. ಅಂಗಡಿಗೆ ಬರುವ ಹಂದಿ ಎಳೆಯದು, ಅದರ ಕವಾಟ ಆರೋಗ್ಯವಾದದ್ದು. ನಮ್ಮ ವೃದ್ಧರ ಕವಾಟದಲ್ಲಿ ಕಲ್ಲಿನಂತೆ ಕೂತಿರುವ ಸುಣ್ಣ ಅದರಲ್ಲಿಲ್ಲ. ರುಮ್ಯಾಟಿಕ್ ಜ್ವರದಿಂದ ದಪ್ಪಗಾದ ದಳವನ್ನು ನಮ್ಮ ಹೊಲಿಗೆ ಅನುಕರಿಸಬಹುದೇ ಹೊರತು ಅದೇ ಆಗಲಾರದು. ಹಂದಿಯ ಮಹಾಪಧಮನಿ ಕವಾಟದ ಒಂದು ದಳದ ಬುಡಕ್ಕೆ ಮನುಷ್ಯರಲ್ಲಿಲ್ಲದಷ್ಟು ಸ್ನಾಯು ಹಬ್ಬಿರುತ್ತದೆ. ರಕ್ತ ಹೆಪ್ಪುಗಟ್ಟುವುದು, ಗಾಯ ಮಾಯುವುದು, ವರ್ಷಗಳ ನಂತರ ಆಗುವ ಬದಲಾವಣೆಗಳು ಸತ್ತ ಹೃದಯದಲ್ಲಿ ತಿಳಿಯುವುದಿಲ್ಲ. ಆದ್ದರಿಂದ ಜೀವಂತ ಪ್ರಾಣಿಯ ಪರೀಕ್ಷೆಯೇ ಬೇಡವಾಗಿಬಿಡುತ್ತದೆಂದು ನಾನು ಹೇಳುತ್ತಿಲ್ಲ. ಅದರ ಸಂಖ್ಯೆ ಕಡಿಮೆಯಾಗುತ್ತದೆ, ರೋಗಿಯ ಮೇಲೆ ಕಲಿಯುವುದು ಕಡಿಮೆಯಾಗುತ್ತದೆ.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಪರವಾನಗಿ ಇರುವ ಕಸಾಯಿಖಾನೆಯಲ್ಲಿ ಆಹಾರಕ್ಕಾಗಿ ಕಡಿದ ಪ್ರಾಣಿಯ ಹೃದಯವನ್ನು ಕಲಿಕೆಗೂ ಪರೀಕ್ಷೆಗೂ ಬಳಸುವುದು ಜೀವಂತ ಪ್ರಾಣಿಯ ಮೇಲಿನ ಪ್ರಯೋಗವಲ್ಲವೆಂದೂ, ಸಂಸ್ಥೆಯ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಿ ದಾಖಲೆ ಇಟ್ಟರೆ ಸಾಕೆಂದೂ ಇಲಾಖೆಯಿಂದ ಒಂದು ಸುತ್ತೋಲೆ ಹೊರಡಬೇಕು. ಇದಕ್ಕೆಂದೇ ಯಾವ ಪ್ರಾಣಿಯನ್ನೂ ಕೊಲ್ಲಕೂಡದೆಂಬ ಮಾತು ಅದೇ ಸುತ್ತೋಲೆಯಲ್ಲಿ ಸ್ಪಷ್ಟವಾಗಿರಬೇಕು. ಪಶುವೈದ್ಯಾಧಿಕಾರಿಗಳು ತಪಾಸಣೆ ಮಾಡಿದ ಹಂದಿ ಮತ್ತು ಕುರಿಯ ಹೃದಯಗಳಲ್ಲಿ ಕೆಲವನ್ನಾದರೂ ಸೀಳದೆ, ಮೇಲಿನ ನಾಳ ಉಳಿಸಿ, ದಿನಾಂಕ ಬರೆದು ಕಾಲೇಜುಗಳಿಗೆ ನಿಗದಿತ ಬೆಲೆಗೆ ಕೊಡುವ ವ್ಯವಸ್ಥೆಯನ್ನು ಪಶುಸಂಗೋಪನಾ ಇಲಾಖೆಯೊಂದಿಗೆ ಮಾತಾಡಿ ಮಾಡಿಸಬೇಕು. ನಾನು ಕೇಳುತ್ತಿರುವುದು ಹಂದಿ ಮತ್ತು ಕುರಿಯ ಹೃದಯ ಮಾತ್ರವಾದ್ದರಿಂದ ನಮ್ಮ ರಾಜ್ಯದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನಿಗೂ ಇದಕ್ಕೂ ಎಲ್ಲೂ ತಾಗುವುದಿಲ್ಲ. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಜೈವಿಕ ವೈದ್ಯಕೀಯ ತ್ಯಾಜ್ಯದ ಹಳದಿ ಚೀಲಕ್ಕೇ ಹಾಕಬೇಕು. ನಾವು ಮೊದಲ ದಿನದಿಂದಲೂ ಹಾಗೆಯೇ ಮಾಡಿದ್ದೇವೆ.

ಇದರೊಂದಿಗೆ, ರಾಜ್ಯದಲ್ಲಿ ಕನಿಷ್ಠ ಎರಡು ಕಡೆ, ಒಂದು ಬೆಂಗಳೂರಿನಲ್ಲೂ ಒಂದು ಕಲಬುರಗಿ ಅಥವಾ ಹುಬ್ಬಳ್ಳಿಯಲ್ಲೂ, ಎಲ್ಲ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಬಂದು ಕಲಿಯಬಹುದಾದ ಹೃದಯ ಕವಾಟದ ಪ್ರಯೋಗಾಲಯ ತೆರೆಯಬೇಕೆಂದು ಕೋರುತ್ತೇನೆ. ಉಪಕರಣ ತಯಾರಿಸುವ ಕಂಪನಿಗಳು ಶುಲ್ಕ ಕಟ್ಟಿ ಅಲ್ಲಿ ಪರೀಕ್ಷೆ ನಡೆಸಲಿ, ಆದರೆ ಸೋತ ಪರೀಕ್ಷೆಯ ಫಲಿತಾಂಶವನ್ನೂ ದಾಖಲೆಯಲ್ಲಿ ಬಿಟ್ಟು ಹೋಗಲಿ. ಬಲೂನು ಹಿಡಿಯುವ ಮೊದಲು ಪ್ರತಿ ವಿದ್ಯಾರ್ಥಿಯೂ ಇಂತಿಷ್ಟು ಹೃದಯಗಳಲ್ಲಿ ಅಭ್ಯಾಸ ಮಾಡಿರಬೇಕೆಂಬ ನಿಯಮ ಬರಲಿ. ಎಷ್ಟೆಂಬುದನ್ನು ಹಿರಿಯ ಹೃದ್ರೋಗ ತಜ್ಞರು ಕೂತು ನಿರ್ಧರಿಸಲಿ. ಹಂದಿಯನ್ನು ಮುಟ್ಟಲು ಧರ್ಮದ ಅಥವಾ ಮನಸ್ಸಿನ ಅಡ್ಡಿ ಇರುವ ವಿದ್ಯಾರ್ಥಿಗಳನ್ನು ಯಾರೂ ಬಲವಂತ ಮಾಡಬಾರದು. ಅವರಿಗೆ ಕುರಿಯ ಹೃದಯ ಮತ್ತು ಚಿಕ್ಕ ಬಲೂನು, ಇಲ್ಲವೇ ಸಿಲಿಕೋನಿನ ಮಾದರಿ ಒದಗಿಸಬೇಕು. ಸ್ಕೂಟರಿನ ಮೇಲೆ ಹಿಂಜರಿಯುತ್ತ ನಿಂತವನಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಮ್ಮ ಪಂಪು ಈಗ ಉಗ್ರಾಣದಲ್ಲಿ ಹಳೆಯ ಮಂಚಗಳ ಹಿಂದೆ ಬೆಡ್‌ಶೀಟು ಹೊದ್ದು ಕೂತಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದು ಮುಗಿಸಿ ಹೋಗಿದ್ದಾರೆ, ಆದರೆ ಅದರ ನಕ್ಷೆಯನ್ನು ನನ್ನ ಬಳಿ ಬಿಟ್ಟುಹೋಗಿದ್ದಾರೆ. ಯುವ ವೈದ್ಯರು ಈಗ ಬೇರೆ ಜಿಲ್ಲೆಯ ಆಸ್ಪತ್ರೆಯಲ್ಲಿದ್ದಾರೆ. ಕರೆದರೆ ರಜೆಯ ದಿನ ಬಂದು ಕಲಿಸುತ್ತೇನೆಂದು ಮಾತು ಕೊಟ್ಟಿದ್ದಾರೆ. ಅಂಗಡಿಯ ಯಜಮಾನರು ಕಳೆದ ತಿಂಗಳು ದಾರಿಯಲ್ಲಿ ಸಿಕ್ಕಾಗಲೂ “ಗುಂಡಿಗಿ ಇಡಬೇಕೇನ್ರೀ ಸರ?” ಎಂದು ಕೇಳಿದರು. ಸುತ್ತೋಲೆ ಬಂದ ವಾರದೊಳಗೆ ಕೋಣೆ ತೆರೆದು ಕೆಲಸ ಶುರುಮಾಡಲು ನಾವು ಸಿದ್ಧರಿದ್ದೇವೆ. ತಾವಾಗಲಿ, ತಾವು ಕಳಿಸುವ ಅಧಿಕಾರಿಗಳಾಗಲಿ ಬಂದರೆ ಕವಾಟ ತೆರೆದು ಮುಚ್ಚುವುದನ್ನು ಪರದೆಯ ಮೇಲೆ ತೋರಿಸುತ್ತೇವೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ಒಬ್ಬ ಪರ್ಫ್ಯೂಷನಿಸ್ಟ್
ಉತ್ತರ ಕರ್ನಾಟಕ